ಎಲ್ಲದಕ್ಕೂ 'ಹೂಂ ರೀ'

ನಿನ್ನೆ ಸಂಜೆ ರಾಯಚೂರಿನ ತೀನ್ ಕಂದೀಲ್ ಹತ್ತಿರ ಚಹಾ ಕುಡಿಯುವಾಗ ನಮ್ಮ ಓಣಿಯ ಹುಡುಗ ಸಿಕ್ಕ. ಇಪ್ಪತ್ತರ ಆಸುಪಾಸು ವಯಸ್ಸು. ಚಿಲ್ಲರೆ ಸರಿ ಇದೆಯಾ ಅಂತ ಗೊತ್ತಾಗದೆ ನಾಣ್ಯಗಳನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಹೋದ ವರ್ಷ ಮೊಬೈಲ್ ಕದ್ದ ಅಂತ ಇವನನ್ನು ಪೊಲೀಸರು ಕರೆದೊಯ್ದಿದ್ದರು. "ನೀನೇ ತಗೊಂಡೀ ಏನೋ?" "ಹೂಂ ರೀ." "ಯಾರಿಗೆ ಮಾರಿದಿ?" "ಹೂಂ ರೀ." ಎರಡನೇ ಉತ್ತರ ಕೇಳಿದಾಗಲಾದರೂ ಅನುಮಾನ ಬರಬೇಕಿತ್ತು, ಅಲ್ವಾ? ಆಮೇಲೆ ಮೊಬೈಲ್ ಕಳಕೊಂಡವರ ಮನೆಯಲ್ಲೇ ಸಿಕ್ಕಿತು.

ಅವನಿಗೆ ಏನಾಗಿದೆ ಅಂತ ಯಾವ ಡಾಕ್ಟರೂ ಹೇಳಿಲ್ಲ, ನಾನೂ ಹೇಳಲಾರೆ. ಆದರೆ ಅವನ ಅವ್ವ ಒಮ್ಮೆ ಅಂದಿದ್ದಳು: "ಬಸುರಿದ್ದಾಗ ಹೊಲದಿಂದ ಬಂದು ದಿನಾ ಸೇಂದಿ ಕುಡೀತಿದ್ದೆ ಅಕ್ಕಾ, ಮೈಕೈ ನೋವಿಗೆ. ಬ್ಯಾಡ ಅಂತ ಯಾರೂ ಹೇಳಲಿಲ್ಲ." ಅವಳನ್ನು ಬೈಯಲು ನನಗೆ ಮನಸ್ಸಿಲ್ಲ.

ಬಸುರಿ ಕುಡಿದ ಹೆಂಡ ಕೂಸಿನ ಮೆದುಳಿಗೂ ಹೋಗುತ್ತದೆ. ಅದರಿಂದ ಕೂಸಿಗೆ ಆಗುವ ತೊಂದರೆಗೆ ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ ಅನ್ನುತ್ತಾರೆ. ನೆನಪು, ಲೆಕ್ಕ, 'ಹೀಗಂದರೆ ಮುಂದೇನಾದೀತು' ಅನ್ನುವ ಯೋಚನೆ ಕುಂಟುತ್ತದೆ. ನೋಡೋಕೆ ಮಾತ್ರ ಎಷ್ಟೋ ಜನ ಎಲ್ಲರಂತೆಯೇ ಇರುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಂಧನದಲ್ಲಿದ್ದ 99 ಹುಡುಗ ಹುಡುಗಿಯರನ್ನು ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 36 ಮಂದಿಗೆ ಈ ತೊಂದರೆ ಇತ್ತು. ಅವರಲ್ಲಿ ಮೊದಲೇ ಗೊತ್ತಾಗಿದ್ದು ಇಬ್ಬರದ್ದು ಮಾತ್ರ!

ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಮಾತನ್ನು ನಮ್ಮ ಕಾನೂನು ಸುಮ್ನೆ ಸಾಕ್ಷಿ ಅಂತ ಒಪ್ಪುವುದಿಲ್ಲ. ಆದರೆ ಅಲ್ಲಿ ಕೂತಾಗ ಪ್ರಶ್ನೆ ಅರ್ಥವಾಯಿತಾ ಅಂತ ಕೇಳಲು ಇವನ ಪಕ್ಕ ಯಾರೂ ಇರಲಿಲ್ಲ.

"ಮನೆಗೆ ಹೋಗ್ತೀ ಏನಪ್ಪಾ?" ಅಂದೆ. "ಹೂಂ ರೀ" ಅಂದು ಅಲ್ಲೇ ಕೂತ.