ಲಗ್ನಪತ್ರಿಕೆಯ ಹಿಂಬದಿ

ತಮ್ಮನ ಮದುವೆ ಮುಗಿದು ತಿಂಗಳಾದ ಮೇಲೆ ಅಟ್ಟದಲ್ಲಿ ಒಂದು ಕಟ್ಟು ಲಗ್ನಪತ್ರಿಕೆ ಕಣ್ಣಿಗೆ ಬಿತ್ತು. ಹಂಚಿ ಉಳಿದದ್ದು. ಒಳ್ಳೆ ದಪ್ಪ ಕಾಗದ, ಹಿಂಬದಿ ಪೂರ್ತಿ ಖಾಲಿ. ಎಸೆಯಲು ಮನಸ್ಸಾಗಲಿಲ್ಲ. "ಗಣಪತಿ ಚಿತ್ರದ ಮೇಲೆ ಕತ್ತರಿ ಹಾಕ್ಬೇಡ ಮಾರಾಯ್ತಿ, ಅದನ್ನ ಬೇರೆ ತೆಗೆದಿಡು" ಅಂದಳು ಅಮ್ಮ. ಹಾಗೇ ಮಾಡಿದೆ. ಉಳಿದದ್ದನ್ನು ಸಾಗರದ ಒಂದು ಬೈಂಡಿಂಗ್ ಅಂಗಡಿಗೆ ಒಯ್ದು ಮೂರು ಇಂಚು ಅಗಲ, ಐದು ಇಂಚು ಉದ್ದಕ್ಕೆ ಕತ್ತರಿಸಿಕೊಂಡು ಬಂದೆ. ಈಗ ಅವು ನನ್ನ ಮೇಜಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಕೂತಿವೆ.

ಎಂಟು ವರ್ಷದಿಂದ ನನ್ನ ಓದು, ಕೆಲಸ, ಮನೆ ಎಲ್ಲವೂ ಇಂಥ ಕಾರ್ಡುಗಳ ಮೇಲೆ ನಡೆಯುತ್ತಿವೆ. ಗೆಳತಿಯರು ಕೇಳುತ್ತಲೇ ಇರುತ್ತಾರೆ, ಅದೇನು ಅಷ್ಟು ಕಾರ್ಡು ಅಂತ. ಒಮ್ಮೆ ಪೂರ್ತಿಯಾಗಿ ಬರೆದುಬಿಡೋಣ ಅನ್ನಿಸಿತು.

ಶುರುವಾದದ್ದು ಕೆಸೆಟ್‌ನಿಂದ, ಅಂದರೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ರಾಜ್ಯ ನಡೆಸುವ ಅರ್ಹತಾ ಪರೀಕ್ಷೆಯಿಂದ. ಕನ್ನಡ ಎಂ.ಎ. ಮುಗಿಸಿ ಆರು ವರ್ಷ ಆಗಿತ್ತು, ಮಗ ಎರಡನೇ ಕ್ಲಾಸು. ಮೊದಲ ಸಲ ಬರೆದಾಗ ಪಾಸಾಗಲಿಲ್ಲ. ಓದಿರಲಿಲ್ಲ ಅಂತಲ್ಲ. ನಾಲ್ಕು ನೋಟ್‌ಬುಕ್ ತುಂಬ ನೋಟ್ಸ್ ಮಾಡಿದ್ದೆ, ಮೂರು ಮೂರು ಸಲ ಓದಿದ್ದೆ, ಮುಖ್ಯ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದೆ. ಪುಟ ತೆರೆದರೆ ಎಲ್ಲ ಗೊತ್ತಿದ್ದ ಹಾಗೇ ಕಾಣುತ್ತಿತ್ತು. ಪರೀಕ್ಷೆಯ ಹಾಲ್‌ನಲ್ಲಿ ಪುಟ ಇರುವುದಿಲ್ಲ ಅಲ್ವಾ. ನಾಲ್ಕು ಉತ್ತರ ಕಣ್ಣ ಮುಂದೆ ಇದ್ದರೂ ಸರಿಯಾದದ್ದನ್ನು ಆರಿಸಲು ಓದಿದ ಪುಟವನ್ನು ನೋಡಿ ಗುರುತಿಸಿದರೆ ಸಾಲದು, ನೆನಪನ್ನು ಒಳಗಿನಿಂದ ಎಳೆದು ತರಬೇಕು. ಆ ಎರಡೂ ಬೇರೆ ಬೇರೆ ಅಂತ ನನಗೆ ತಿಳಿದದ್ದು ಸೋತ ಮೇಲೆ.

ಎರಡನೇ ಸಲ ನೋಟ್‌ಬುಕ್ ಮುಚ್ಚಿಟ್ಟೆ. ಎರಡೂ ಬದಿ ಖಾಲಿ ಇರುವ ದಪ್ಪ ಡ್ರಾಯಿಂಗ್ ಶೀಟ್ ತಂದೆ. 22 ಇಂಚು 28 ಇಂಚಿನ ಒಂದು ಶೀಟಿನಲ್ಲಿ 35 ಕಾರ್ಡು ಬರುತ್ತವೆ. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಅಷ್ಟೇ.

ಆದರೆ ಮೊದಲ ವಾರ ಮಾಡಿದ ಕಾರ್ಡುಗಳೆಲ್ಲ ದಂಡವಾದವು. ಒಂದರ ಮುಂದೆ "ಐಹೊಳೆ ಶಾಸನ" ಅಂತ ಬರೆದು ಹಿಂದೆ ಹನ್ನೊಂದು ಸಾಲು ತುಂಬಿಸಿದ್ದೆ. ಅದು ಕಾರ್ಡಲ್ಲ, ನೋಟ್‌ಬುಕ್ಕಿನದೇ ಒಂದು ಚೂರು. ಆರು ಸಾಲು ನೆನಪಾದರೆ ನನಗೆ ಗೊತ್ತಿದೆ ಅಂತ ಹೇಳಬೇಕೋ, ಗೊತ್ತಿಲ್ಲ ಅಂತ ಹೇಳಬೇಕೋ? ಅದನ್ನು ಒಡೆದೆ. ಬರೆದ ಕವಿ ಯಾರು? ರವಿಕೀರ್ತಿ. ಯಾವ ಅರಸನ ಕಾಲ? ಇಮ್ಮಡಿ ಪುಲಕೇಶಿ. ಯಾವ ವರ್ಷ? 634. ಎಲ್ಲಿದೆ? ಮೇಗುತಿಯ ಜೈನ ಬಸದಿಯಲ್ಲಿ. ಯಾವ ಭಾಷೆ? ಸಂಸ್ಕೃತ. ಈ ಕೊನೆಯದನ್ನು ನಾನು ಪ್ರತಿ ಸಲ ಕನ್ನಡ ಅಂತಲೇ ಹೇಳಿ ತಪ್ಪುತ್ತಿದ್ದೆ. ಹನ್ನೊಂದು ಸಾಲಿನ ಕಾರ್ಡಿನಲ್ಲಿ ಆ ತಪ್ಪು ಅಡಗಿ ಕೂತಿತ್ತು. ಒಡೆದ ಮೇಲೆ ಹೊರಗೆ ಬಂತು. ಆಮೇಲೆ ತಿರುಗಿಸಿ ಇನ್ನೊಂದು ಕಾರ್ಡೂ ಮಾಡಿದೆ: ರವಿಕೀರ್ತಿ ಯಾರು? ಒಂದು ದಿಕ್ಕಿನಿಂದ ಬರುವ ನೆನಪು ಇನ್ನೊಂದು ದಿಕ್ಕಿನಿಂದ ಬರಬೇಕೆಂದೇನೂ ಇಲ್ಲ.

ಹಳಗನ್ನಡದ ಪದಗಳಿಗೆ ಕಾರ್ಡಿನಷ್ಟು ಒಳ್ಳೆಯ ದಾರಿ ನಾನು ಬೇರೆ ಕಂಡಿಲ್ಲ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಬಾೞ್ ಅಂದರೆ ಬದುಕು. ಬಾಳ್ ಅಂದರೆ ಕತ್ತಿ. ಅಱಿ ಅಂದರೆ ತಿಳಿ, ಅರಿ ಅಂದರೆ ಕತ್ತರಿಸು. ಈಗ ನಮ್ಮ ಬರವಣಿಗೆಯಲ್ಲಿ ರಳವೂ (ೞ) ಇಲ್ಲ, ಶಕಟರೇಫವೂ (ಱ) ಇಲ್ಲ, ಹಾಗಾಗಿ ಕಣ್ಣು ಎರಡನ್ನೂ ಒಂದೇ ಅಂತ ಓದಿಕೊಂಡು ಮುಂದೆ ಹೋಗುತ್ತದೆ, ಪದ್ಯದ ಅರ್ಥ ಎಲ್ಲೋ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಇಂಥ ಜೋಡಿಗಳನ್ನು ನಾನು ಒಂದೇ ಕಾರ್ಡಿನ ಮುಂಬದಿ ಅಕ್ಕಪಕ್ಕ ಬರೆದೆ. ಎರಡನ್ನೂ ಹೇಳಿದರೆ ಮಾತ್ರ ಸರಿ. ಇನ್ನೊಂದು ಪಾಠವೂ ಇಲ್ಲೇ ಸಿಕ್ಕಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪೊಸತು ಹೊಸತಾಯಿತು ಅಂತ ಒಂದೊಂದಕ್ಕೂ ಕಾರ್ಡು ಬರೆಯುತ್ತಾ ಕೂತಿದ್ದೆ. ಐವತ್ತಾದ ಮೇಲೆ ಹೊಳೆಯಿತು, ಪಕಾರ ಹಕಾರವಾಗುವ ನಿಯಮದ ಒಂದು ಕಾರ್ಡು ಸಾಕಿತ್ತು. ನಿಯಮ ಇರುವ ಕಡೆ ನಿಯಮಕ್ಕೆ ಕಾರ್ಡು ಮಾಡಿ. ಅದಕ್ಕೆ ಹೊಂದದ ಪದ ಸಿಕ್ಕರೆ ಆ ಪದಕ್ಕೆ ಮಾಡಿ.

ಕಾರ್ಡು ನೂರು ದಾಟಿದ ಮೇಲೆ ದಿನಾ ಎಲ್ಲವನ್ನೂ ನೋಡಲು ಆಗುವುದಿಲ್ಲ. ಇದಕ್ಕೆ ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು 1972ರಲ್ಲಿ ಜರ್ಮನ್ ಪುಸ್ತಕವೊಂದರಲ್ಲಿ ಹೇಳಿದ ಉಪಾಯ ಇದೆ. ಐದು ಮನೆ ಇರುವ ಒಂದು ಪೆಟ್ಟಿಗೆ. ಹೊಸ ಕಾರ್ಡು ಮೊದಲ ಮನೆಯಲ್ಲಿ. ಉತ್ತರ ಸರಿಯಾದರೆ ಮುಂದಿನ ಮನೆಗೆ ಹೋಗುತ್ತದೆ, ತಪ್ಪಾದರೆ ಎಲ್ಲಿದ್ದರೂ ಮತ್ತೆ ಮೊದಲ ಮನೆಗೆ. ನಾನು ಮೈಸೂರು ಪಾಕಿನ ಒಂದು ಉದ್ದನೆಯ ಡಬ್ಬಕ್ಕೆ ರಟ್ಟಿನ ತಡೆ ಹಾಕಿ ಮನೆ ಮಾಡಿಕೊಂಡೆ. ಮೊದಲ ಮನೆ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೆ, ನಾಲ್ಕನೆಯದು ಹದಿನೈದು ದಿನಕ್ಕೆ, ಐದನೆಯದು ತಿಂಗಳಿಗೆ. ಈ ಲೆಕ್ಕ ನನ್ನದು, ನಿಮಗೆ ಬೇರೆ ಹೊಂದಬಹುದು. ಗೊತ್ತಿರುವುದರ ಮೇಲೆ ಸಮಯ ಕಳೆಯುವುದು ತಾನಾಗಿಯೇ ನಿಂತುಹೋಗುತ್ತದೆ, ಗೊತ್ತಿಲ್ಲದ್ದು ಬೆನ್ನು ಬಿಡುವುದಿಲ್ಲ. ಮರೆವು ಮೊದಲಲ್ಲಿ ಬೇಗ, ಆಮೇಲೆ ನಿಧಾನ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿದ್ದ. ಡಬ್ಬದ ಮನೆಗಳು ಅದೇ ಲೆಕ್ಕದಲ್ಲಿ ದೂರ ದೂರ ಆಗುತ್ತಾ ಹೋಗುತ್ತವೆ.

ಒಂದು ಎಚ್ಚರಿಕೆ. ಕಾರ್ಡು ಆಗಾಗ ಕಲೆಸಿ, ಇಲ್ಲದಿದ್ದರೆ ಒಂದರ ಹಿಂದೊಂದು ಬರುವ ಕ್ರಮವೇ ಉತ್ತರ ಹೇಳಿಕೊಡುತ್ತದೆ. ಗುರುತುಗಳೂ ಹಾಗೇ. ನನಗೆ ಒಂದು ಕಾರ್ಡಿನ ಮೂಲೆಯ ಕಾಫಿ ಕಲೆ ನೋಡಿಯೇ ಉತ್ತರ ಬಂದುಬಿಡುತ್ತಿತ್ತು. ಅದು ಕಲೆಯ ನೆನಪು, ವಿಷಯದ್ದಲ್ಲ. ಅದನ್ನು ಹರಿದು ಹೊಸದಾಗಿ ಬರೆದೆ. ಮತ್ತೆ, ಮಲೆನಾಡಿನವರು ಜೆಲ್ ಪೆನ್ನಿನಲ್ಲಿ ಬರೆಯಬೇಡಿ. ಆಷಾಢದ ಥಂಡಿಗೆ ಕಾಗದ ಮೆತ್ತಗಾಗಿ ಶಾಯಿ ಹರಡುತ್ತದೆ. ಬಾಲ್ ಪೆನ್ನು ಒಳ್ಳೆಯದು.

ಎರಡನೇ ಸಲ ಪಾಸಾದೆ. ಈಗ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ.

ಕಾರ್ಡಿನ ಮೇಲೆ ಪ್ರೀತಿ ಮಾತ್ರ ಅದಕ್ಕಿಂತ ಹಳೆಯದು. ನಾನು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಉದ್ದ ಉದ್ದ ಮರದ ಡ್ರಾಯರುಗಳಿದ್ದವು. ಒಳಗೆ ಸಾಲಾಗಿ ಕಾರ್ಡು, ಕೆಳಗಿನ ತೂತಿನಲ್ಲಿ ಒಂದು ಸರಳು. ಒಂದೇ ಪುಸ್ತಕಕ್ಕೆ ಲೇಖಕರ ಹೆಸರಿನಲ್ಲಿ ಒಂದು ಕಾರ್ಡು, ಪುಸ್ತಕದ ಹೆಸರಿನಲ್ಲಿ ಒಂದು, ವಿಷಯದಲ್ಲಿ ಒಂದು. ನಿಮಗೆ ಯಾವುದು ನೆನಪಿದೆಯೋ ಆ ಬಾಗಿಲಿನಿಂದ ಒಳಗೆ ಬರಬಹುದು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯ ಬೆಳೆಯುವ ಜೀವಿ ಅಂತ. 1931ರಲ್ಲಿ ಬರೆದದ್ದು. ಅವರು ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವನ್ನು ಇಲ್ಲೇ ಶುರುಮಾಡಿದರು. ಆ ಮಾತು ನನಗೆ ಡ್ರಾಯರ್ ನೋಡಿದಾಗಲೇ ಅರ್ಥವಾದದ್ದು. ರಿಜಿಸ್ಟರಿನಲ್ಲಿ ಪಟ್ಟಿ ಬರೆದರೆ ಹೊಸ ಪುಸ್ತಕಕ್ಕೆ ನಡುವೆ ಜಾಗ ಇರುವುದಿಲ್ಲ, ಕೊನೆಗೆ ಹೋಗಬೇಕು. ಕಾರ್ಡಾದರೆ ಎರಡರ ನಡುವೆ ಮೂರನೆಯದನ್ನು ಇಟ್ಟರೆ ಆಯಿತು. ಗಿಡ, ಪ್ರಾಣಿಗಳಿಗೆ ವೈಜ್ಞಾನಿಕ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ ಕೂಡ ವಯಸ್ಸಾದ ಕಾಲದಲ್ಲಿ, 1760ರ ದಶಕದಲ್ಲಿ, ಇದೇ ಕಷ್ಟಕ್ಕೆ ಒಂದೇ ಅಳತೆಯ ಬಿಡಿ ಚೀಟಿಗಳಿಗೆ ಬಂದ. ಪ್ರಪಂಚದ ಎಲ್ಲ ಕಡೆಯಿಂದ ಹೊಸ ಗಿಡಗಳ ಸುದ್ದಿ ಬರುತ್ತಿತ್ತು, ಪುಸ್ತಕದ ಪುಟ ಸಾಲುತ್ತಿರಲಿಲ್ಲ. ನಮ್ಮ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿನಂಥ ಕೆಲಸವೂ ಹಾಗೇ. ಶಾಸನ, ಕಾವ್ಯಗಳಿಂದ ಒಂದೊಂದು ಪದವನ್ನು ಅದು ಬಂದ ಸಾಲಿನ ಜೊತೆ ಬಿಡಿಯಾಗಿ ಬರೆದಿಟ್ಟರೆ ಮಾತ್ರ ಆಮೇಲೆ ಅಕಾರಾದಿಯಲ್ಲಿ ಜೋಡಿಸಲು ಆಗುತ್ತದೆ.

ಎತ್ತಿ ಬೇರೆ ಕಡೆ ಇಡಬಹುದಾದ ಈ ಗುಣ ಮನೆ ಕೆಲಸಕ್ಕೆ ಎಷ್ಟು ಬೇಕು ಅಂತ ತಿಳಿದದ್ದು ತಮ್ಮನ ಮದುವೆಯಲ್ಲಿ. ಅಪ್ಪ ಇಲ್ಲ, ಓಡಾಟ ನನ್ನ ಮೇಲೆ ಬಿತ್ತು. ಮೊದಲು ಒಂದು ದೊಡ್ಡ ಪಟ್ಟಿ ಮಾಡಿದೆ. ಎರಡು ದಿನಕ್ಕೆ ಅದರ ತುಂಬ ಗೀಚು, ಬಾಣದ ಗುರುತು, ಪಕ್ಕದಲ್ಲಿ ಸೇರಿಸಿದ್ದು. ನೋಡಿದರೆ ಎದೆ ಭಾರ ಆಗುತ್ತಿತ್ತು. ಒಂದು ರಾತ್ರಿ ಕೂತು ಎಲ್ಲವನ್ನೂ ಕಾರ್ಡಿಗೆ ಇಳಿಸಿದೆ. ಕಲ್ಯಾಣ ಮಂಟಪ ಒಂದು. ಅಡುಗೆ ಭಟ್ಟರು ಒಂದು. ವಾಲಗದವರು, ಪುರೋಹಿತರು, ಬಾಳೆ ಎಲೆ, ನೀರಿನ ಟ್ಯಾಂಕರ್, ದಿಬ್ಬಣದ ಬಸ್ಸು. ಜಗಲಿಯ ಮೇಲೆ ಮೂರು ಸಾಲು ಹರಡಿದೆ: ಇನ್ನೂ ಹೇಳಿಲ್ಲ, ಹೇಳಿಯಾಗಿದೆ, ಮುಂಗಡ ಕೊಟ್ಟಾಗಿದೆ. ಅಮ್ಮನಿಗೆ ನಾನು ವಿವರಿಸಬೇಕಾಗಲಿಲ್ಲ. ಅವಳೇ ಬಂದು ನೋಡಿ "ಹೂವಿನವನದು ಇನ್ನೂ ಇಲ್ಲೇ ಇದೆಯಲ್ಲೇ" ಅಂದಳು.

ಇನ್ನೊಂದು ಅನುಕೂಲ ನಾನು ಯೋಚಿಸಿಯೇ ಇರಲಿಲ್ಲ. ಕಾರ್ಡನ್ನು ಕೈಗೆ ಕೊಡಬಹುದು. ದಿಬ್ಬಣದ ಬಸ್ಸಿನ ಕಾರ್ಡಿನ ಹಿಂದೆ ಡ್ರೈವರ್ ನಂಬರು, ಬೆಳಗಿನ ಜಾವ ಐದು ಗಂಟೆ, ಎಲ್ಲೆಲ್ಲಿ ಯಾರನ್ನು ಹತ್ತಿಸಿಕೊಳ್ಳಬೇಕು ಎಲ್ಲ ಬರೆದು ಚಿಕ್ಕಪ್ಪನಿಗೆ ಕೊಟ್ಟೆ. "ಇದು ನಿಮ್ಮದು ಚಿಕ್ಕಪ್ಪ" ಅಂದೆ. ಅವರು ಅಂಗಿ ಜೇಬಿಗೆ ಹಾಕಿಕೊಂಡರು. ಮತ್ತೆ ಒಂದು ಸಲವೂ ನಾನು ಬಸ್ಸಿನ ಬಗ್ಗೆ ಯೋಚಿಸಲಿಲ್ಲ. ವಾಟ್ಸಾಪಿನಲ್ಲಿ ಹಾಕಿದ್ದರೆ ನೂರು ಶುಭಾಶಯಗಳ ಕೆಳಗೆ ಹೋಗಿರುತ್ತಿತ್ತು.

ದಿನದ ಕಾರ್ಡು ಇದಕ್ಕಿಂತ ಸರಳ. ರಾತ್ರಿ ಮಲಗುವ ಮುಂಚೆ ನಾಳೆಯ ಕೆಲಸ ಒಂದು ಕಾರ್ಡಿನಲ್ಲಿ, ಐದಕ್ಕಿಂತ ಜಾಸ್ತಿ ಇಲ್ಲ. ಕಾರ್ಡಿನಲ್ಲಿ ಜಾಗ ಸಾಲದಿದ್ದರೆ ಆ ಕೆಲಸ ನಾಳೆಯದಲ್ಲ.

ಮಗ ಈಗ ಎಸ್‌ಎಸ್‌ಎಲ್‌ಸಿ. ಅವನು ಫೋನಿನಲ್ಲಿ ಆಂಕಿ ಅನ್ನುವ ಕಾರ್ಡುಗಳ ಆ್ಯಪ್ ಬಳಸುತ್ತಾನೆ. ಕಾರ್ಡು ಸಾವಿರ ದಾಟಿದರೆ ಯಾವುದು ಯಾವತ್ತು ಅನ್ನುವ ಲೆಕ್ಕವನ್ನು ಅದು ಡಬ್ಬಕ್ಕಿಂತ ಚೆನ್ನಾಗಿ ಇಡುತ್ತದೆ, ಒಪ್ಪುತ್ತೇನೆ. ನನಗೆ ಮಾತ್ರ ಕೈಯಲ್ಲಿ ಬರೆಯುವಾಗಲೇ ಅರ್ಧ ಕಲಿತಂತೆ ಆಗುತ್ತದೆ. ಗಣಿತಕ್ಕೆ ಕಾರ್ಡು ಅಷ್ಟು ಆಗುವುದಿಲ್ಲ, ಅಲ್ಲಿ ಲೆಕ್ಕ ಮಾಡಿಯೇ ಕಲಿಯಬೇಕು. ಆದರೆ ಅವನಿಗೆ ಒಂದು ಅಭ್ಯಾಸ ಹೇಳಿಕೊಟ್ಟಿದ್ದೇನೆ. ತಪ್ಪಾದ ಲೆಕ್ಕವನ್ನು ಕಾರ್ಡಿನ ಮುಂದೆ ಬರೆದು, ಎಲ್ಲಿ ಜಾರಿದೆ ಅನ್ನುವುದನ್ನು ಹಿಂದೆ ಒಂದೇ ಸಾಲಿನಲ್ಲಿ ಬರೆಯುವುದು. ಪರೀಕ್ಷೆಯ ಹಿಂದಿನ ದಿನ ಓದಲು ಅದು ಸಾಕು.

ಲಗ್ನಪತ್ರಿಕೆಯ ಕಾರ್ಡಿನಲ್ಲಿ ಒಂದು ಬದಿ ಮಾತ್ರ ಖಾಲಿ ತಾನೇ, ಓದಿಗೆ ಬರುವುದಿಲ್ಲ. ಅವನ್ನು ಅಮ್ಮನ ಅಡುಗೆಗೆ ಇಟ್ಟಿದ್ದೇನೆ. ಪ್ರತಿ ಭಾನುವಾರ ಅವಳ ಪಕ್ಕ ನಿಂತು ಒಂದು ಅಡುಗೆ ಬರೆದುಕೊಳ್ಳುತ್ತೇನೆ. ಅಪ್ಪೆಹುಳಿಗೆ ಉಪ್ಪು ಎಷ್ಟು ಅಂದರೆ "ಹದಕ್ಕೆ" ಅನ್ನುತ್ತಾಳೆ. ಹಾಗಾಗಿ ಅವಳು ಕೈಗೆ ತೆಗೆದುಕೊಂಡ ಉಪ್ಪನ್ನು ಪಾತ್ರೆಗೆ ಹಾಕುವ ಮುಂಚೆ ಚಮಚಕ್ಕೆ ಸುರಿಸಿಕೊಂಡು ಅಳೆಯುತ್ತೇನೆ. ಅವಳಿಗೆ ನಗು. ಹೋದ ವಾರ ದೊಡ್ಡಪತ್ರೆ ತಂಬುಳಿಯ ಕಾರ್ಡಿನ ಮೂಲೆಯಲ್ಲಿ ಅವಳೇ ಪೆನ್ನು ತೆಗೆದುಕೊಂಡು "ಮಜ್ಜಿಗೆ ಹುಳಿ ಇರಬಾರದು" ಅಂತ ಬರೆದಳು. ಹದಿನೇಳು ಆಗಿವೆ. ಈ ಭಾನುವಾರ ಕಳಲೆ ಪಲ್ಯ. ಎಷ್ಟು ದಿನ ನೀರಲ್ಲಿ ಇಡಬೇಕು, ಎಷ್ಟು ಸಲ ನೀರು ಬದಲಿಸಬೇಕು ಅಂತ ಎರಡು ಪ್ರಶ್ನೆ ಮೇಲೆ ಬರೆದು, ಕೆಳಗೆ ಖಾಲಿ ಬಿಟ್ಟಿದ್ದೇನೆ.