ಎಡಿನ್‌ಬರಾದಿಂದ ಫೈಫ್ ಕರಾವಳಿಗೆ: ಕಾರು, ಗೈಡ್ ಮಾಡಿಕೊಂಡು ಒಂದು ದಿನ ಹೋಗುವವರಿಗೆ

ಸ್ಕಾಟ್ಲೆಂಡ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಎಡಿನ್‌ಬರಾದಲ್ಲಿ ಎರಡು ಮೂರು ದಿನ ಇರುತ್ತಾರೆ. ಅದರಲ್ಲಿ ಒಂದು ದಿನ ದೊಡ್ಡ ಬಸ್ಸು ಹತ್ತಿ ಲಾಕ್ ನೆಸ್ ಸರೋವರ ನೋಡಿ ಬರುತ್ತಾರೆ. ಬೆಳಿಗ್ಗೆ ಹೊರಟರೆ ವಾಪಸ್ ಬರುವುದು ರಾತ್ರಿಗೇ. ದಿನದ ಹೆಚ್ಚು ಹೊತ್ತು ಸೀಟಿನಲ್ಲೇ ಕಳೆದುಹೋಗುತ್ತದೆ. ವಯಸ್ಸಾದ ಅಪ್ಪ ಅಮ್ಮ ಅಥವಾ ಚಿಕ್ಕ ಮಕ್ಕಳು ಜೊತೆಗಿದ್ದರೆ ಅದರ ಬದಲು ಫೈಫ್ ಕರಾವಳಿಗೆ ಹೋಗಿ. ಒಂದು ದಿನದ ಮಟ್ಟಿಗೆ ಕಾರು, ಗೈಡ್ ಮಾಡಿಕೊಳ್ಳಿ. ಸ್ವಲ್ಪ ದುಬಾರಿ, ನಿಜ. ಆದರೆ ನಾಲ್ಕೈದು ಜನ ಇದ್ದರೆ ಆ ದುಡ್ಡು ಹಂಚಿಹೋಗುತ್ತದೆ.

ಎಡಿನ್‌ಬರಾದ ಉತ್ತರಕ್ಕೆ ಫೋರ್ತ್ ಅಳಿವೆ. ಅದನ್ನು ದಾಟಿದರೆ ಫೈಫ್ ಶುರು. ಅಲ್ಲಿನ ಮುಖ್ಯ ಊರು ಸೇಂಟ್ ಆಂಡ್ರೂಸ್, ನೇರ ದಾರಿಯಲ್ಲಿ ಸುಮಾರು 80 ಕಿ.ಮೀ. ಹಾಳುಬಿದ್ದ ಕೋಟೆ, ಚರ್ಚು, ಅರಮನೆ, ಮೀನುಗಾರರ ಊರುಗಳು ಎಲ್ಲವೂ ಒಂದಕ್ಕೊಂದು ಹತ್ತಿರ. ಕ್ರೇಲ್, ಸೇಂಟ್ ಮೋನನ್ಸ್‌ನಂಥ ಊರುಗಳ ಬಂದರಿಗೆ ಇಳಿಯುವ ಓಣಿಗಳು ತುಂಬಾ ಇಕ್ಕಟ್ಟು. ದೊಡ್ಡ ಬಸ್ಸು ಅಲ್ಲಿಗೆ ಹೋಗುವುದೇ ಇಲ್ಲ. ಚಿಕ್ಕ ಗಾಡಿಗೆ ದುಡ್ಡು ಕೊಡುವುದು ಸಾರ್ಥಕವಾಗುವುದು ಇಲ್ಲೇ.

ಬುಕ್ ಮಾಡುವಾಗ ಮೊದಲು ಕೇಳಬೇಕಾದ್ದು: ಬರುವವರು ಬರೀ ಡ್ರೈವರೋ, ಡ್ರೈವರ್-ಗೈಡೋ? ಬರೀ ಡ್ರೈವರ್ ಆದರೆ ಊರು ತಲುಪಿಸಿ ಕಾರಿನ ಹತ್ತಿರವೇ ಇರುತ್ತಾರೆ. ಗೈಡ್ ಆದರೆ ನಿಮ್ಮ ಜೊತೆ ನಡೆದು ತೋರಿಸುತ್ತಾರೆ. ಸ್ಕಾಟ್ಲೆಂಡ್‌ನಲ್ಲಿ ಬ್ಲೂ ಬ್ಯಾಡ್ಜ್ ಪಡೆದ ಗೈಡ್‌ಗಳಿದ್ದಾರೆ. ಅವರು ತರಬೇತಿ ಪಡೆದು ಪರೀಕ್ಷೆ ಪಾಸಾದವರು. ಸಿಕ್ಕರೆ ಅವರನ್ನೇ ಮಾಡಿಕೊಳ್ಳಿ. ರೇಟು ತಲೆಗಿಷ್ಟೋ ಗಾಡಿಗಿಷ್ಟೋ, ಎಷ್ಟು ಗಂಟೆಗೆ, ಹೆಚ್ಚಾದ ಗಂಟೆಗೆ ಎಷ್ಟು, ಪಾರ್ಕಿಂಗ್ ಮತ್ತು ಪ್ರವೇಶದ ಟಿಕೆಟ್ ಸೇರಿದೆಯೋ ಇಲ್ಲವೋ, ಇಷ್ಟನ್ನೂ ಮೇಲ್‌ನಲ್ಲಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಟಿಕೆಟ್ಟು, ಊಟ ನಮ್ಮ ಖರ್ಚು. ಮಕ್ಕಳಿದ್ದರೆ ವಯಸ್ಸು, ಎತ್ತರ ಎರಡನ್ನೂ ತಿಳಿಸಿ. ಅಲ್ಲಿ 12 ವರ್ಷ ತುಂಬುವವರೆಗೆ ಅಥವಾ 135 ಸೆಂ.ಮೀ. ಎತ್ತರ ಆಗುವವರೆಗೆ ಕಾರಿನಲ್ಲಿ ಮಕ್ಕಳಿಗೆಂದೇ ಮಾಡಿದ ಸೀಟು ಬೇಕು. ಅದನ್ನು ಮೊದಲೇ ಹೇಳಿದರೆ ಮಾತ್ರ ತರುತ್ತಾರೆ.

ನಾವು ವಿಚಾರಿಸಿದ ಒಂದು ಕಂಪನಿ ಒಂದೇ ದಿನದಲ್ಲಿ ಹತ್ತಿರ ಹತ್ತಿರ ಹತ್ತು ಜಾಗ ತೋರಿಸುತ್ತೇವೆ ಅಂದಿತ್ತು. ಅಂಥದ್ದನ್ನು ಒಪ್ಪಬೇಡಿ. ಪ್ರತಿ ಜಾಗದಲ್ಲೂ ಇಳಿದು, ಟಾಯ್ಲೆಟ್ಟಿಗೆ ಹೋಗಿ, ಎಲ್ಲರೂ ಮತ್ತೆ ಕಾರು ಹತ್ತುವುದಕ್ಕೇ ಕಾಲು ಗಂಟೆ ಬೇಕು. ದಿನಕ್ಕೆ ನಾಲ್ಕೈದು ಜಾಗ ಸಾಕು. ಗಾಡಿ ನಮ್ಮ ಕೈಯಲ್ಲಿದೆ ಅಂದಮೇಲೆ ಇಷ್ಟವಾದ ಕಡೆ ಇನ್ನೊಂದು ಅರ್ಧ ಗಂಟೆ ಕೂರಬಹುದು. ಬಸ್ ಟೂರಿನಲ್ಲಿ ಅದು ಸಿಗುವುದಿಲ್ಲ. ಅದನ್ನು ಅವಸರದಲ್ಲಿ ಕಳೆದುಕೊಳ್ಳಬಾರದು.

ನಮ್ಮ ಮೊದಲ ನಿಲ್ದಾಣ ಸೌತ್ ಕ್ವೀನ್ಸ್‌ಫೆರಿ. ಅಲ್ಲಿ ಫೋರ್ತ್ ರೈಲು ಸೇತುವೆಯ ಬುಡಕ್ಕೇ ಹೋಗಿ ನಿಲ್ಲಬಹುದು. 1890ರಲ್ಲಿ ರೈಲು ಓಡಾಟ ಶುರುವಾದ ಸೇತುವೆ, ಸುಮಾರು ಎರಡೂವರೆ ಕಿ.ಮೀ. ಉದ್ದ. ಕೆಂಪು ಬಣ್ಣದ ಮೂರು ದೊಡ್ಡ ಉಕ್ಕಿನ ಗೋಪುರಗಳು ಎರಡೂ ಕಡೆ ಕೈ ಚಾಚಿ ನಿಂತಿವೆ. 1879ರಲ್ಲಿ ಇದೇ ಮಾರ್ಗದಲ್ಲಿ ಇನ್ನೂ ಉತ್ತರಕ್ಕಿದ್ದ ಟೇ ಸೇತುವೆ ಬಿರುಗಾಳಿಗೆ ಕುಸಿದು, ಅದರ ಮೇಲಿದ್ದ ರೈಲೂ ನೀರಿಗೆ ಬಿತ್ತು. ಆ ಸೇತುವೆ ಕಟ್ಟಿದ ಎಂಜಿನಿಯರೇ ಫೋರ್ತ್‌ಗೂ ಒಂದು ನಕ್ಷೆ ಮಾಡಿದ್ದರು. ಅದನ್ನು ಕೈಬಿಟ್ಟು, ಎಂಥ ಗಾಳಿಗೂ ಜಗ್ಗದ ಹಾಗೆ ಇದನ್ನು ಕಟ್ಟಿದರು. ಕಟ್ಟುವಾಗ 70ಕ್ಕೂ ಹೆಚ್ಚು ಕೆಲಸಗಾರರು ಸತ್ತರು. 2015ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಕ್ಕದಲ್ಲೇ 1964ರ ರಸ್ತೆ ಸೇತುವೆ, ಅದರಾಚೆ 2017ರದ್ದು. ಮೂರು ಶತಮಾನದ ಮೂರು ಸೇತುವೆಗಳನ್ನು ನಿಂತಲ್ಲೇ ನೋಡಬಹುದು.

ನಮ್ಮಪ್ಪ ರೈಲ್ವೆಯಲ್ಲಿ ಇದ್ದವರು. ರೈಲು ಬರುವವರೆಗೆ ಕದಲುವುದಿಲ್ಲ ಅಂದರು. ಗೈಡ್ ನಗುತ್ತಾ ಕಾರಿನಿಂದ ಫ್ಲಾಸ್ಕ್ ತಂದು ಅವರಿಗೆ ಟೀ ಬಗ್ಗಿಸಿಕೊಟ್ಟರು. ತಲೆಯ ಮೇಲೆ ಅಷ್ಟೆತ್ತರದಲ್ಲಿ ರೈಲು ಹೋಗುವಾಗ ಮೊದಲು ಸದ್ದು ಕೇಳುತ್ತದೆ. ರೈಲು ಎಲ್ಲಿದೆ ಅಂತ ಆ ಉಕ್ಕಿನ ಜಾಲದಲ್ಲಿ ಹುಡುಕಬೇಕು, ಆಟಿಕೆಯಷ್ಟು ಚಿಕ್ಕದು.

ಅಲ್ಲಿಂದ ಫಾಕ್‌ಲ್ಯಾಂಡ್ ಅರಮನೆಗೆ ಹೋಗಬಹುದು. ಸ್ಕಾಟ್ಲೆಂಡ್‌ನ ಸ್ಟುವರ್ಟ್ ರಾಜರು ಬೇಟೆಗೆ ಬಂದು ಇರುತ್ತಿದ್ದ ಜಾಗ. ಐದನೆಯ ಜೇಮ್ಸ್ 1542ರಲ್ಲಿ ತೀರಿಕೊಂಡಿದ್ದು ಇಲ್ಲೇ. ಆಗ ಅವನ ಮಗಳು ಮೇರಿ ಹುಟ್ಟಿ ಒಂದು ವಾರವೂ ಆಗಿರಲಿಲ್ಲ. ತೋಟದ ಕೊನೆಯಲ್ಲಿ 1539ರ ಟೆನಿಸ್ ಅಂಕಣವಿದೆ, ಈಗಲೂ ಆಡುತ್ತಾರೆ. ಚಳಿಗಾಲದಲ್ಲಿ ಹೋಗುವುದಾದರೆ ಅರಮನೆ ತೆರೆದಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇನ್ನೊಂದು ವಿಷಯ. ಈ ಅರಮನೆ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್‌ನದು. ಸೇಂಟ್ ಆಂಡ್ರೂಸ್‌ನ ಕೋಟೆ ಮತ್ತು ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚು ಹಿಸ್ಟಾರಿಕ್ ಎನ್‌ವಿರಾನ್‌ಮೆಂಟ್ ಸ್ಕಾಟ್ಲೆಂಡ್‌ನವು. ಎರಡೂ ಬೇರೆ ಬೇರೆ ಸಂಸ್ಥೆ, ಒಂದರ ಪಾಸು ಇನ್ನೊಂದಕ್ಕೆ ನಡೆಯುವುದಿಲ್ಲ. ಸಮಯ ಕಡಿಮೆ ಅನ್ನಿಸಿದರೆ ಅರಮನೆ ಬಿಟ್ಟು ಸಮುದ್ರದ ಕಡೆ ಹೋಗಿ ಅನ್ನುತ್ತೇನೆ ನಾನು.

ಅರಮನೆಯಿಂದ ಸೇಂಟ್ ಆಂಡ್ರೂಸ್ ಕಡೆಗೆ ಹೋಗುವಾಗ ಪಿಟ್‌ಲೆಸಿ ಅಂತ ಒಂದು ಪುಟ್ಟ ಹಳ್ಳಿ ಸಿಗುತ್ತದೆ. ಚಿತ್ರಕಾರ ಡೇವಿಡ್ ವಿಲ್ಕಿ 1785ರಲ್ಲಿ ಹುಟ್ಟಿದ್ದು ಈ ಹಳ್ಳಿಯ ಹತ್ತಿರ. ಶ್ರೀರಂಗಪಟ್ಟಣ ಬಿದ್ದ ರಾತ್ರಿ ಟಿಪ್ಪು ಸುಲ್ತಾನನ ದೇಹವನ್ನು ಸೇನಾಪತಿ ಡೇವಿಡ್ ಬೇರ್ಡ್ ಲಾಟೀನಿನ ಬೆಳಕಲ್ಲಿ ಕಂಡುಹಿಡಿಯುವ ದೊಡ್ಡ ಚಿತ್ರ ಇದೆಯಲ್ಲ, ಅದನ್ನು ಬರೆದವನು ಇವನೇ. ಬೇರ್ಡ್ ಕೂಡ ಸ್ಕಾಟ್ಲೆಂಡ್‌ನವನು. 1780ರಲ್ಲಿ ಸೆರೆ ಸಿಕ್ಕಿ ಮೂರು ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದಲ್ಲೇ ಬಂಧಿಯಾಗಿದ್ದವನು. ವಿಲ್ಕಿ ನಮ್ಮ ಊರನ್ನು ಕಣ್ಣಾರೆ ಕಂಡವನಲ್ಲ. ಇದನ್ನೆಲ್ಲ ನಾವು ಹೇಳಿದಾಗ ಗೈಡ್ ಕಾರು ನಿಧಾನ ಮಾಡಿ, ಶ್ರೀರಂಗಪಟ್ಟಣ ಈಗ ಹೇಗಿದೆ ಅಂತ ಅಮ್ಮನನ್ನು ಕೇಳಿದರು. ಅಮ್ಮ ಕಾವೇರಿಯಿಂದ ಶುರು ಮಾಡಿದ್ದು ಮುಂದಿನ ಊರು ಬರುವವರೆಗೂ ಮುಗಿಯಲಿಲ್ಲ.

ಸೇಂಟ್ ಆಂಡ್ರೂಸ್‌ಗೆ ಕಡಿಮೆ ಅಂದರೂ ಮೂರು ಗಂಟೆ ಇಡಿ. ಕಾರನ್ನು ಕೆಥೆಡ್ರಲ್ ಹತ್ತಿರ ಬಿಟ್ಟು ಅಲ್ಲಿಂದ ನಡೆಯುವುದು ಒಳ್ಳೆಯದು. ಹನ್ನೆರಡನೆಯ ಶತಮಾನದಲ್ಲಿ ಕಟ್ಟಲು ಶುರು ಮಾಡಿ, 1318ರಲ್ಲಿ ರಾಬರ್ಟ್ ದಿ ಬ್ರೂಸ್ ರಾಜನ ಎದುರಿಗೆ ಪ್ರತಿಷ್ಠೆ ಮಾಡಿದ ಚರ್ಚು. ಸ್ಕಾಟ್ಲೆಂಡ್‌ನಲ್ಲೇ ಅತಿ ದೊಡ್ಡದಾಗಿತ್ತು. 1559ರಲ್ಲಿ ಪ್ರಾಟೆಸ್ಟೆಂಟ್ ಬೋಧಕ ಜಾನ್ ನಾಕ್ಸ್‌ನ ಉಪದೇಶ ಕೇಳಿ ಕೆರಳಿದ ಜನ ಒಳಗಿದ್ದದ್ದನ್ನೆಲ್ಲ ಒಡೆದರು. ಆಮೇಲೆ ಊರಿನವರು ಕಲ್ಲುಗಳನ್ನು ತಮ್ಮ ಮನೆ ಕಟ್ಟಲು ಹೊತ್ತೊಯ್ದರು. ಈಗ ಎರಡು ತುದಿಯ ಗೋಡೆ, ಒಂದು ಪಕ್ಕ, ನೆಲದ ಮೇಲೆ ಕಂಬಗಳ ಬುಡ ಉಳಿದಿವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನೂರು ಮೀಟರಿಗೂ ಜಾಸ್ತಿ. ನಡೆದು ನೋಡಿದರೆ ಮಾತ್ರ ಅದರ ಗಾತ್ರ ಗೊತ್ತಾಗುವುದು.

ಅಲ್ಲಿಂದ ಕೋಟೆಗೆ ಐದು ನಿಮಿಷ, ದಾರಿಯುದ್ದಕ್ಕೂ ಸಮುದ್ರ. ಈ ಕೋಟೆಯಲ್ಲಿ ಒಂದು ವಿಶೇಷವಿದೆ. 1546ರಲ್ಲಿ ಪ್ರಾಟೆಸ್ಟೆಂಟರ ಗುಂಪೊಂದು ಒಳನುಗ್ಗಿ ಕ್ಯಾಥೊಲಿಕ್ ಚರ್ಚಿನ ಹಿರಿಯ ಗುರು ಕಾರ್ಡಿನಲ್ ಬೀಟನ್‌ನನ್ನು ಕೊಂದು ಕೋಟೆ ಹಿಡಿದುಕೊಂಡಿತು. ಹೊರಗಿನ ಸೈನ್ಯ ಗೋಡೆ ಉರುಳಿಸಲು ಬಂಡೆ ಕೊರೆದು ಸುರಂಗ ತೋಡತೊಡಗಿತು. ಒಳಗಿದ್ದವರು ನೆಲಕ್ಕೆ ಕಿವಿ ಕೊಟ್ಟು, ಸದ್ದು ಬಂದ ದಿಕ್ಕಿಗೆ ತಾವೂ ಸುರಂಗ ತೋಡಿದರು. ಎರಡು ಸಲ ಗುರಿ ತಪ್ಪಿದರೂ ಕೊನೆಗೆ ಶತ್ರುವಿನ ಸುರಂಗವನ್ನೇ ಹಿಡಿದರು. ಎರಡಕ್ಕೂ ಈಗ ಇಳಿದು ನೋಡಬಹುದು. ಒಳಗಿನವರು ತೋಡಿದ್ದು ಗಿಡ್ಡ, ಸೊಟ್ಟ, ಜಾರುವ ನೆಲ. ಸೊಂಟ ಬಗ್ಗಿಸಿ, ಒದ್ದೆ ಗೋಡೆ ಹಿಡಿದುಕೊಂಡು ಹೋಗಬೇಕು. ಗೋಡೆಯಲ್ಲಿ ಗುದ್ದಲಿಯ ಏಟುಗಳು ಬೆರಳಿಗೆ ಸಿಗುತ್ತವೆ. ಕೊನೆಗೆ ಒಂದು ಕಬ್ಬಿಣದ ಏಣಿ. ಇಳಿದರೆ ಸೈನಿಕರು ತೋಡಿದ ಸುರಂಗ, ಅಲ್ಲಿ ನೆಟ್ಟಗೆ ನಿಲ್ಲಬಹುದು. ಅವಸರದಲ್ಲಿ ಪ್ರಾಣಭಯದಿಂದ ತೋಡಿದ್ದು ಯಾವುದು, ಸಾವಧಾನವಾಗಿ ತೋಡಿದ್ದು ಯಾವುದು ಅಂತ ಯಾರೂ ಹೇಳಬೇಕಾಗಿಲ್ಲ. ಮಂಡಿನೋವು ಇರುವವರು, ಇಕ್ಕಟ್ಟು ಆಗದವರು ಇಳಿಯುವುದು ಬೇಡ. ಅಮ್ಮ ಮೇಲೆ ಬೆಂಚಿನ ಮೇಲೆ ಸಮುದ್ರ ನೋಡುತ್ತಾ ಕೂತಿದ್ದರು. ಅಲ್ಲೇ ಬಂಡೆಯಲ್ಲಿ ಸೀಸೆಯ ಆಕಾರಕ್ಕೆ ಕೊರೆದ ಸೆರೆಕೋಣೆಯೂ ಇದೆ. ಅದನ್ನು ಮೇಲಿನಿಂದ ಬಗ್ಗಿ ನೋಡಬಹುದು.

ಯೂನಿವರ್ಸಿಟಿ 1413ರದು. ನಾರ್ತ್ ಸ್ಟ್ರೀಟ್‌ನಲ್ಲಿ ಸೇಂಟ್ ಸಾಲ್ವೇಟರ್ ಚರ್ಚಿನ ಮುಂದೆ ನೆಲದಲ್ಲಿ ಪಿ.ಹೆಚ್. ಅನ್ನುವ ಅಕ್ಷರಗಳಿವೆ. 1528ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ಯುವಕನನ್ನು ಅವನ ಧಾರ್ಮಿಕ ನಂಬಿಕೆಗಾಗಿ ಸುಟ್ಟ ಜಾಗ ಅದು. ಅದನ್ನು ತುಳಿದರೆ ಪರೀಕ್ಷೆಯಲ್ಲಿ ಫೇಲ್ ಅಂತ ವಿದ್ಯಾರ್ಥಿಗಳು ಸುತ್ತಿಕೊಂಡು ಹೋಗುತ್ತಾರೆ. ಗಾಲ್ಫ್ ಆಸಕ್ತಿ ಇಲ್ಲದಿದ್ದರೂ ಓಲ್ಡ್ ಕೋರ್ಸ್ ಅನ್ನುವ ಗಾಲ್ಫ್ ಮೈದಾನದ ಕಡೆ ಒಂದು ಸುತ್ತು ಹಾಕಿ. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟ ಇರುವುದಿಲ್ಲ, ಊರಿನವರೆಲ್ಲ ನಾಯಿ ಹಿಡಿದುಕೊಂಡು ಹುಲ್ಲಿನ ಮೇಲೆ ಓಡಾಡುತ್ತಾರೆ. ಹಾಗಾಗಿ ಈ ಪ್ರವಾಸಕ್ಕೆ ಭಾನುವಾರವೇ ಒಳ್ಳೆಯದು ಅಂತ ನನಗನ್ನಿಸುತ್ತದೆ. 2027ರ ಜುಲೈನಲ್ಲಿ ಅಲ್ಲಿ ಗಾಲ್ಫ್‌ನ ಓಪನ್ ಚಾಂಪಿಯನ್‌ಶಿಪ್ ಇದೆ. ಆಗ ರೂಮು, ಗಾಡಿ, ಪಾರ್ಕಿಂಗ್ ಯಾವುದೂ ಸುಲಭಕ್ಕೆ ಸಿಗುವುದಿಲ್ಲ. ಬೇರೆ ತಿಂಗಳು ನೋಡಿಕೊಳ್ಳಿ.

ಸಸ್ಯಾಹಾರಿಗಳು ಊಟವನ್ನು ಸೇಂಟ್ ಆಂಡ್ರೂಸ್‌ನಲ್ಲೇ ಮುಗಿಸಿಕೊಳ್ಳಿ. ಮುಂದಿನ ಊರುಗಳಲ್ಲಿ ಮೀನೇ ಪ್ರಧಾನ. ಚಿಪ್ಸ್ ಅಂದರೆ ಆಲೂಗಡ್ಡೆ ತಾನೇ ಅಂತ ಸುಮ್ನೆ ತಿನ್ನಬೇಡಿ. ಆ ಕಡೆಯ ಎಷ್ಟೋ ಮೀನಿನ ಅಂಗಡಿಗಳಲ್ಲಿ ಅದನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಬೇಳೆ ಸೂಪಿಗೂ ಹಲವು ಕಡೆ ಹಂದಿ ಮಾಂಸ ಬೇಯಿಸಿದ ನೀರು ಹಾಕುತ್ತಾರೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಸರಿಯಾಗಿ ಹೇಳುತ್ತಾರೆ. ಬೇಯಿಸಿದ ಇಡೀ ಆಲೂಗಡ್ಡೆಗೆ ಚೀಸ್ ಹಾಕಿದ್ದು, ಚೀಸ್ ಸ್ಕೋನ್ ಅನ್ನುವ ಬನ್ನಿನಂಥ ತಿಂಡಿ ಇವು ಎಲ್ಲೆಡೆ ಸಿಗುತ್ತವೆ. ಮೀನು ತಿನ್ನುವವರು ಮಾತ್ರ ಆನ್‌ಸ್ಟ್ರದರ್‌ವರೆಗೆ ಹಸಿವು ಉಳಿಸಿಕೊಳ್ಳಿ. ಬಂದರಿನ ಕಟ್ಟೆಯ ಮೇಲೆ ಕೂತು ತಿನ್ನುವಾಗ ಪೊಟ್ಟಣ ಭದ್ರ, ಕಡಲಹಕ್ಕಿಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ.

ಮಧ್ಯಾಹ್ನದ ಮೇಲೆ ಹಳ್ಳಿಗಳು. ಮೊದಲು ಕ್ರೇಲ್. ಬಂದರಿಗೆ ಇಳಿಯುವ ಓಣಿ ಕಡಿದಾಗಿದೆ, ಕಲ್ಲು ಹಾಸಿದೆ. ಅಮ್ಮನನ್ನು ಗೈಡ್ ಆದಷ್ಟು ಕೆಳಗೇ ಇಳಿಸಿದರು. ಕೆಂಪು ಹಂಚಿನ ಮಾಡುಗಳು ಒಂದರ ಮೇಲೊಂದು ಇಳಿಯುತ್ತಾ ಹೋಗುವುದನ್ನು ನೋಡಿದರೆ ನಮ್ಮ ಕರಾವಳಿಯ ಮಂಗಳೂರು ಹಂಚಿನ ಓಣಿಗಳ ಹಾಗೇ ಕಾಣುತ್ತದೆ. ಹಾಲೆಂಡ್ ಕಡೆಯ ವ್ಯಾಪಾರದಿಂದ ಬಂದ ರೂಢಿಯಂತೆ ಅದು. ಕಟ್ಟೆಯ ಮೇಲೆ ಏಡಿ, ಲಾಬ್‌ಸ್ಟರ್ ಹಿಡಿಯುವ ಬಲೆಗೂಡುಗಳ ರಾಶಿ. ಒಬ್ಬರು ಹರಿದ ಬಲೆಗೆ ನೀಲಿ ಹುರಿ ಹೊಲಿಯುತ್ತಿದ್ದರು. ಗೂಡಿನೊಳಗೆ ಹಳೆಯ ಮೀನಿನ ತುಂಡೊಂದನ್ನು ಕಟ್ಟಿ, ಏಡಿ ಹೇಗೆ ಒಳಗೆ ಬರುತ್ತದೆ, ಯಾಕೆ ಹೊರಗೆ ಹೋಗಲಾರದು ಅಂತ ನಮ್ಮ ಹುಡುಗನಿಗೆ ತೋರಿಸಿದರು. ಪ್ಲಾನಿನಲ್ಲಿ ಇಪ್ಪತ್ತು ನಿಮಿಷ ಇದ್ದ ಜಾಗದಲ್ಲಿ ನಾವು ಒಂದು ಗಂಟೆ ಇದ್ದೆವು.

ಆನ್‌ಸ್ಟ್ರದರ್‌ನಲ್ಲಿ ಮೀನುಗಾರಿಕೆಯ ಮ್ಯೂಸಿಯಂ ಇದೆ. ಮಳೆ ಬಂದರೆ ಅಲ್ಲಿಗೆ ಹೋಗಿ. ಅಲ್ಲಿಂದಲೇ ಐಲ್ ಆಫ್ ಮೇ ದ್ವೀಪಕ್ಕೆ ಬೋಟು ಹೊರಡುತ್ತದೆ. ಏಪ್ರಿಲ್ ಕೊನೆಯಿಂದ ಜುಲೈವರೆಗೆ ಪಫಿನ್ ಹಕ್ಕಿಗಳು ಸಾವಿರಗಟ್ಟಲೆ ಇರುತ್ತವೆ. ಆದರೆ ಅದಕ್ಕೇ ಅರ್ಧ ದಿನಕ್ಕೂ ಹೆಚ್ಚು ಬೇಕು. ದ್ವೀಪ ಬೇಕಾದರೆ ಸೇಂಟ್ ಆಂಡ್ರೂಸ್ ಬಿಡಬೇಕು.

ಸೇಂಟ್ ಮೋನನ್ಸ್ ಹೆಚ್ಚಿನವರು ಬಿಟ್ಟುಬಿಡುವ ಊರು. ಬಿಡಬೇಡಿ. ಹದಿನಾಲ್ಕನೆಯ ಶತಮಾನದ ಚರ್ಚು ನೀರಿನ ಅಂಚಿಗೇ ಇದೆ. ಸ್ವಲ್ಪ ದೂರದಲ್ಲಿ ಒಂದು ಗಾಳಿಯಂತ್ರ. ಹದಿನೆಂಟನೆಯ ಶತಮಾನದಲ್ಲಿ ಅದರಿಂದ ಸಮುದ್ರದ ನೀರನ್ನು ಮೇಲೆತ್ತಿ, ಕಲ್ಲಿದ್ದಲಿನ ಬೆಂಕಿಯಲ್ಲಿ ಕಾಯಿಸಿ ಉಪ್ಪು ಮಾಡುತ್ತಿದ್ದರು. ನಮ್ಮ ಕಡೆ ಬಿಸಿಲೇ ಮಾಡುವ ಕೆಲಸಕ್ಕೆ ಅಲ್ಲಿ ಗಣಿಯ ಕಲ್ಲಿದ್ದಲು ಬೇಕಾಗಿತ್ತು! ಬಂದರಿನ ಅಲೆತಡೆ ಗೋಡೆ ಅಂಕುಡೊಂಕಾಗಿದೆ, ಫೋಟೋಗೆ ಎಲ್ಲರೂ ಹತ್ತುತ್ತಾರೆ. ಭರತ ಜೋರಾಗಿದ್ದಾಗ, ಅಲೆ ಮೇಲೆ ಹಾರುವಾಗ ಅದರ ಹತ್ತಿರ ಸುಳಿಯಬೇಡಿ. ಭರತ, ಇಳಿತದ ಹೊತ್ತನ್ನು ಹಿಂದಿನ ದಿನವೇ ಗೈಡನ್ನು ಕೇಳಿ.

ಕಾಲದ ವಿಷಯ. ಮೇ ತಿಂಗಳಿಂದ ಸೆಪ್ಟೆಂಬರ್ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಡಿಸೆಂಬರ್‌ನಲ್ಲಿ ಮೂರೂ ಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಬೇಸಿಗೆಯಲ್ಲೂ ಈ ಪೂರ್ವ ಕರಾವಳಿಗೆ ಸಮುದ್ರದಿಂದ ಹಾರ್ ಅನ್ನುವ ಮಂಜು ಬಂದು ಕವಿಯುತ್ತದೆ. ಹತ್ತು ಕಿ.ಮೀ. ಒಳಗೆ ಹೋದರೆ ಬಿಸಿಲಿರುತ್ತದೆ. ಅಂಥ ಬೆಳಿಗ್ಗೆ ಫಾಕ್‌ಲ್ಯಾಂಡ್ ಮೊದಲು ಮಾಡಿ, ಮಂಜು ಹರಿದ ಮೇಲೆ ಸಮುದ್ರಕ್ಕೆ ಬನ್ನಿ. ನಮಗಾಗಿಯೇ ಮಾಡಿಕೊಂಡ ಗಾಡಿಯಲ್ಲಿ ಹೀಗೆ ತಿರುಗಿಸಿಕೊಳ್ಳಬಹುದು ಅಲ್ವಾ. ಛತ್ರಿ ಗಾಳಿಗೆ ನಿಲ್ಲುವುದಿಲ್ಲ, ಟೋಪಿ ಇರುವ ಮಳೆ ಜಾಕೆಟ್ ಇಟ್ಟುಕೊಳ್ಳಿ. ಅಮ್ಮಂದಿರು ಸೀರೆಯ ಕೆಳಗೆ ಉದ್ದ ಕಾಲುಚೀಲ, ಹಿಡಿತ ಇರುವ ಶೂ ಹಾಕಿಕೊಳ್ಳಲಿ.

ಪ್ರೈವೇಟ್ ಗಾಡಿ ಬೇಡ, ಇಬ್ಬರೇ ಇದ್ದೇವೆ ಅನ್ನುವವರಿಗೆ ರೈಲಿದೆ. ಸೇಂಟ್ ಆಂಡ್ರೂಸ್‌ಗೆ ಸ್ಟೇಷನ್ ಇಲ್ಲ. ಎಡಿನ್‌ಬರಾದಿಂದ ಲ್ಯೂಕರ್ಸ್‌ಗೆ ಸುಮಾರು ಒಂದು ಗಂಟೆ, ಅಲ್ಲಿಂದ ಬಸ್ಸು. ಹಳ್ಳಿಗಳಿಗೂ ಸೇಂಟ್ ಆಂಡ್ರೂಸ್‌ನಿಂದ ಬಸ್ಸು ಸಿಗುತ್ತದೆ, ಒಂದೆರಡನ್ನು ನೋಡಬಹುದು. ಹೋಗುವಾಗ ರೈಲಿನಲ್ಲಿ ಬಲಗಡೆ ಕೂರಿ. ಫೋರ್ತ್ ಸೇತುವೆ ದಾಟಿದ ಮೇಲೆ ಕರ್ಕಾಲ್ಡಿ ಊರಿನವರೆಗೆ ಸಮುದ್ರ ಆ ಕಡೆಗೇ ಇರುತ್ತದೆ.