ಮೊಟ್ಟೆನಾ, ಬಾಳೆಹಣ್ಣಾ? ಐದನೇ ತರಗತಿಯ ಇಂಗ್ಲಿಷ್ ಮಾತಿನ ಪ್ರಾಜೆಕ್ಟ್, ಇಲ್ಲಿಯವರೆಗೆ

ಈ ಸಲ ಖುಷಿಯಿಂದ ಬರೆಯುತ್ತಿದ್ದೇನೆ. ಹಿಂದಿನ ಬೆಂಚಿನ ಮಕ್ಕಳೂ ಇಂಗ್ಲಿಷಿನಲ್ಲಿ ಬಾಯಿ ಬಿಡತೊಡಗಿದ್ದಾರೆ.

ನಮ್ಮದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ. 2007-08ರಿಂದ ಇಂಥ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತೇವೆ. ಹಾಗಾಗಿ ಐದಕ್ಕೆ ಬರುವಷ್ಟರಲ್ಲಿ ಮಕ್ಕಳಿಗೆ ಎಷ್ಟೋ ಪದಗಳು ಗೊತ್ತಿರುತ್ತವೆ, ಪದ್ಯಗಳು ಬಾಯಿಗೆ ಬರುತ್ತವೆ. 'ವಾಟ್ ಈಸ್ ಯುವರ್ ನೇಮ್' ಅಂದರೆ ಥಟ್ ಅಂತ ಉತ್ತರ. ಆದರೆ ಹೆಸರು ಗೊತ್ತಿರುವ ಟೀಚರಿಗೇ ಮತ್ತೆ ಹೆಸರು ಹೇಳುವುದು ಮಾತಲ್ಲ, ಅಲ್ವಾ? ಕೇಳುವವರಿಗೆ ನಿಜವಾಗಿಯೂ ಗೊತ್ತಿಲ್ಲದ್ದನ್ನು ಹೇಳಬೇಕಾಗಿ ಬಂದಾಗ ಮಕ್ಕಳು ತಾವಾಗಿ ಮಾತಾಡುತ್ತಾರೆ. ಈ ನಂಬಿಕೆಯ ಮೇಲೇ ಪ್ರಾಜೆಕ್ಟ್ ನಡೆಯುತ್ತಿದೆ.

ಮೊದಲು ಹಳೇ ಕಾಲುಚೀಲದ ಗೊಂಬೆ ಮಾಡಿಸಿದೆ. ನಾಚಿಕೆ ಜಾಸ್ತಿ ಇರುವವರಿಗೆ ಅದು ಒಳ್ಳೆಯ ಮರೆ ಆಯಿತು.

ಆಮೇಲೆ ಶುರುವಾದದ್ದು ಮೊಟ್ಟೆ ಲೆಕ್ಕ. ಬಿಸಿಯೂಟದ ಜೊತೆ ಮಕ್ಕಳಿಗೆ ಮೊಟ್ಟೆ ಕೊಡುತ್ತೇವೆ, ಬೇಡ ಅನ್ನುವವರಿಗೆ ಬಾಳೆಹಣ್ಣು. ಯಾರಿಗೆ ಏನು ಅನ್ನುವ ಲೆಕ್ಕ ಅಡುಗೆಮನೆಗೆ ಮೊದಲೇ ಹೋಗಬೇಕು. ಆ ಕೆಲಸವನ್ನು ಐದನೇ ತರಗತಿಯವರಿಗೆ ವಹಿಸಿದೆ. ಇಬ್ಬಿಬ್ಬರ ಜೋಡಿ. ಒಬ್ಬರ ಕೈಯಲ್ಲಿ ರಟ್ಟಿನ ಮೈಕು, ಇನ್ನೊಬ್ಬರ ಕೈಯಲ್ಲಿ ನಡುವೆ ಗೆರೆ ಎಳೆದ ಸ್ಲೇಟು. ತರಗತಿಯಿಂದ ತರಗತಿಗೆ ಹೋಗಿ 'ಎಗ್ ಆರ್ ಬನಾನಾ?' ಅಂತ ಕೇಳುತ್ತಾರೆ. ಕೊನೆಗೆ ಮುಖ್ಯ ಶಿಕ್ಷಕರಿಗೆ ಇಂಗ್ಲಿಷಿನಲ್ಲಿ ವರದಿ. ಲೆಕ್ಕ ತಪ್ಪಿದರೆ ಯಾರದೋ ಮೊಟ್ಟೆ ಹೋಯಿತು! ಅದಕ್ಕೇ ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ.

ತರಗತಿಯಲ್ಲಿ ಎಷ್ಟು ಕೇಳಿದರೂ ತಲೆ ತಗ್ಗಿಸಿ ನಿಲ್ಲುವ ಹುಡುಗಿಯೊಬ್ಬಳಿದ್ದಾಳೆ. ಅವಳ ಸರದಿ ಬಂದ ದಿನ ಮೂರನೇ ತರಗತಿಯ ಪುಟ್ಟ ಹುಡುಗನೊಬ್ಬ 'ಬೋತ್!' ಅಂದ. ಇವಳು ಸ್ಲೇಟು ನೋಡಿದಳು, ಅವನನ್ನು ನೋಡಿದಳು. 'ನೋ ಬೋತ್. ಓನ್ಲಿ ಒನ್. ಟೆಲ್ ಫಾಸ್ಟ್!' ಅಂದಳು. ಈ ಮಾತನ್ನು ನಾನು ಕಲಿಸಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮಾತಿನ ಮಧ್ಯೆ ನಾನು ತಿದ್ದುವುದಿಲ್ಲ. 'ಟೆನ್ ಎಗ್' ಅಂದರೆ 'ಓಕೆ, ಟೆನ್ ಎಗ್ಸ್' ಅಂತ ತಿರುಗಿ ಹೇಳಿ ಮುಂದೆ ಹೋಗುತ್ತೇನೆ. ಕೆಲವರು ತಾವೇ ಹಿಡಿದುಕೊಳ್ಳುತ್ತಾರೆ. ತಪ್ಪು ಅಲ್ಲೇ ತಿದ್ದಬೇಕು ಅನ್ನುವ ಶಿಕ್ಷಕರೂ ಇದ್ದಾರೆ. ನೋಟ್‌ಬುಕ್ಕಿನಲ್ಲಾದರೆ ನಾನೂ ತಿದ್ದುತ್ತೇನೆ. ಆದರೆ ಈಗಷ್ಟೇ ಬಾಯಿ ತೆರೆದ ಮಗುವನ್ನು ಅರ್ಧಕ್ಕೇ ತಡೆದರೆ ನಾಳೆ ಅದು ಮಾತಾಡುವುದಿಲ್ಲ.

ದಿನಾ ಅದೇ ಪ್ರಶ್ನೆ ಕೇಳಿ ಕೇಳಿ ಈಚೆಗೆ ಸ್ವಲ್ಪ ಸಪ್ಪೆಯಾಗಿತ್ತು. 'ವೈ?' ಅಂತ ಇನ್ನೊಂದು ಪ್ರಶ್ನೆ ಸೇರಿಸಿದೆ. 'ಟುಡೇ ಮಂಡೇ. ಗ್ರ್ಯಾಂಡ್‌ಮದರ್ ಸೇ ನೋ ಎಗ್' ಅನ್ನುವಂಥ ಉತ್ತರಗಳು ಬರತೊಡಗಿದವು. ಸೋಮವಾರ, ಶನಿವಾರ ಬಾಳೆಹಣ್ಣು ಯಾಕೆ ಜಾಸ್ತಿ ಹೋಗುತ್ತದೆ ಅಂತ ಮಕ್ಕಳೇ ಕಂಡುಹಿಡಿದರು. ಈಗ ಗಣಿತದ ಪಿರಿಯಡ್ಡಿನಲ್ಲಿ ಅದರ ಸ್ತಂಭಾಲೇಖ ಬರೆಯುತ್ತಿದ್ದಾರೆ.

ಮುಂದಿನದು ಮಕ್ಕಳ ಸಂತೆ. ಊರಿನವರಿಗೆ ಕನ್ನಡದಲ್ಲೇ ಮಾರಾಟ. ಮಕ್ಕಳು ಮಕ್ಕಳಿಂದ ಕೊಳ್ಳುವಾಗ ಮಾತ್ರ ಇಂಗ್ಲಿಷ್. ಬೆಲೆ ಚೀಟಿ ಮಾರುವವರ ಹತ್ತಿರ ಮಾತ್ರ ಇರುತ್ತದೆ, ಕೊಳ್ಳುವವರು ಕೇಳಲೇಬೇಕು, ಚೌಕಾಸಿ ಮಾಡಲೇಬೇಕು. ಸೊಪ್ಪಿನ ಅಂಗಡಿ ತನಗೇ ಬೇಕು ಅಂತ 'ನೋ ಬೋತ್' ಹುಡುಗಿ ಆಗಲೇ ಹೆಸರು ಬರೆಸಿದ್ದಾಳೆ. ತಕ್ಕಡಿ ಕೊಡಲು ಪಕ್ಕದ ಕಿರಾಣಿ ಅಂಗಡಿಯವರು ಒಪ್ಪಿದ್ದಾರೆ.